ನೂರಕ್ಕೆ ಇಪ್ಪತ್ತು ಚಿಕೋರಿ

ಕಾಫಿಪುಡಿ ಅಂಗಡಿಗೆ ಬರುವವರು ಮಾತಾಡುವುದೇ ಲೆಕ್ಕದಲ್ಲಿ. "80-20 ಅರ್ಧ ಕೆ.ಜಿ. ಕೊಡಮ್ಮ." "ಪೀಬೆರಿ ಅರ್ಧ, ಪ್ಲಾಂಟೇಶನ್ ಅರ್ಧ, ಚಿಕೋರಿ ಬೇಡ." ಹಾಸನದಲ್ಲಿ ಅಪ್ಪ ನಡೆಸುತ್ತಿದ್ದ ಅಂಗಡಿಯನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಈಚೀಚೆಗೆ ಚಿಕೋರಿ ಬೇಡ ಅನ್ನುವವರ ದನಿಯಲ್ಲಿ ತಾತ್ಸಾರ ಕೇಳಿಸುತ್ತದೆ: ಚಿಕೋರಿ ಎಂದರೆ ಕಲಬೆರಕೆ, ರೋಬಸ್ಟಾ ಎಂದರೆ ಕೀಳು ಮಾಲು, ಅರೇಬಿಕಾ ಒಂದೇ ಶುದ್ಧ. ನಾನು ಇದನ್ನು ಒಪ್ಪುವುದಿಲ್ಲ. ಫಿಲ್ಟರ್ ಕಾಫಿ ಎಂದೊಡನೆ ನಮ್ಮ ನಾಲಗೆಗೆ ನೆನಪಾಗುವ ರುಚಿ ಆ ಮೂರೂ ಸೇರಿ ಆದದ್ದು, ಮೂರನ್ನೂ ಸೇರಿಸಿದ್ದು ರೋಗ ಮತ್ತು ಯುದ್ಧ.

ಬಾಬಾ ಬುಡನ್ ಮೋಕಾದಿಂದ ಏಳು ಬೀಜ ತಂದ ಕಥೆ ಎಲ್ಲರಿಗೂ ಗೊತ್ತು. ಆ ಬೀಜ ಬಿತ್ತಿದ ಬಾಬಾಬುಡನ್‌ಗಿರಿಯಿಂದ ಹಬ್ಬಿದ್ದು ಅರೇಬಿಕಾ. 19ನೇ ಶತಮಾನದಲ್ಲಿ ಚಿಕ್ಕಮಗಳೂರು, ಮಂಜರಾಬಾದು, ಕೊಡಗಿನ ಗುಡ್ಡಗಳ ತುಂಬ ತೋಟಗಳೆದ್ದವು. 1869ರಲ್ಲಿ ಸಿಲೋನಿನ ತೋಟಗಳಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡಿತು. ಎಲೆಯ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿ ಕೂತು, ಎಲೆ ಉದುರಿ, ಗಿಡ ಬೋಳಾಗುತ್ತದೆ. ಸಿಲೋನಿನವರು ಕಾಫಿ ಕಿತ್ತು ಟೀ ಹಾಕಿದರು. ರೋಗ ಇಲ್ಲಿಗೂ ಬಂತು, ಆದರೂ ನಮ್ಮವರು ಕಾಫಿ ಬಿಡಲಿಲ್ಲ. ಆ ಹಟವನ್ನು ನೆನೆದಾಗ ನನಗೆ ಇವತ್ತಿಗೂ ಹೆಮ್ಮೆಯಾಗುತ್ತದೆ. ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ಪ್ಲಾಂಟರ್ ತುಕ್ಕನ್ನು ತಾಳಿ ನಿಂತ ಗಿಡ ಗುರುತಿಸಿ ಅದರ ಬೀಜ ಬೆಳೆಸಿದರು. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ತೆರೆಯಿತು. ಅದರ ಹಿಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಇದ್ದರು. 1940ರ ದಶಕದಲ್ಲಿ ಅಲ್ಲಿಂದ ಹೊರಬಿದ್ದ ಎಸ್.795 ತಳಿಯಲ್ಲಿ ಆ ಕೆಂಟ್ ಗಿಡದ ರಕ್ತವಿದೆ. ಇವತ್ತು ನೀವು ಕುಡಿಯುವ ಒಳ್ಳೆಯ ಪ್ಲಾಂಟೇಶನ್ ಕಾಫಿಯಲ್ಲಿ ಅದೇ ತಳಿಯ ಬೀಜ ಇರುವ ಸಂಭವ ಬಹಳ.

ಅಷ್ಟರಲ್ಲಿ ರೋಬಸ್ಟಾ ಬಂದಿತ್ತು. ತಗ್ಗು ಪ್ರದೇಶದ ಸೆಕೆಯಲ್ಲೂ ಬೆಳೆಯುತ್ತದೆ, ತುಕ್ಕಿಗೆ ಜಗ್ಗುವುದಿಲ್ಲ, ಕೆಫೀನು ಅರೇಬಿಕಾದ ಸುಮಾರು ಎರಡರಷ್ಟು. ಪರಿಮಳ ಕಡಿಮೆ, ನಿಜ. ಆದರೆ ಗಟ್ಟಿ ಹಾಲು ಸುರಿದಾಗಲೂ ಮುಳುಗದೆ ನಿಲ್ಲುವ ಕಹಿ ಅದರದ್ದು. ನಮ್ಮ ದೇಶದ ಬೆಳೆಯಲ್ಲಿ ಈಗ ಹೆಚ್ಚಿನ ಪಾಲು ರೋಬಸ್ಟಾದ್ದೇ.

ಇನ್ನು ಚಿಕೋರಿ. ಇದು ಕಾಫಿಯ ಬಳಗಕ್ಕೆ ಸೇರಿದ್ದಲ್ಲ, ನೀಲಿ ಹೂ ಬಿಡುವ, ಸೂರ್ಯಕಾಂತಿಯ ಕುಟುಂಬದ ಗಿಡದ ಬೇರು. ತೊಳೆದು, ಹೆಚ್ಚಿ, ಒಣಗಿಸಿ, ಹುರಿಯುತ್ತಾರೆ. ಬೇರಿನೊಳಗಿನ ಸಿಹಿಯಂಶ ಹುರಿದಾಗ ಕಂದಿ ಕಪ್ಪಾಗುತ್ತದೆ. ಕೆಫೀನು ಚೂರೂ ಇಲ್ಲ. ಯೂರೋಪಿನಲ್ಲಿ ಇದು ಬಡವರ ಕಾಫಿಯಾಗಿ 18ನೇ ಶತಮಾನದಲ್ಲೇ ಬಳಕೆಗೆ ಬಂದಿತ್ತು; 1806ರಲ್ಲಿ ನೆಪೋಲಿಯನ್ ಬ್ರಿಟಿಷ್ ಸರಕಿಗೆ ತಡೆ ಹಾಕಿ ಕಾಫಿ ದುರ್ಲಭವಾದಾಗ ಊರೂರಿಗೆ ಹಬ್ಬಿತು. 1876ರಲ್ಲಿ ಗ್ಲಾಸ್ಗೋದ ಪ್ಯಾಟರ್ಸನ್ ಕಂಪನಿ ಕಾಫಿ, ಚಿಕೋರಿ, ಸಕ್ಕರೆ ಸೇರಿಸಿ 'ಕ್ಯಾಂಪ್ ಕಾಫಿ' ಎಂಬ ಪಾಕವನ್ನು ಸೀಸೆಗೆ ತುಂಬಿ ಮಾರಿತು. ಸೀಸೆಯ ಚೀಟಿಯ ಮೇಲೆ ಡೇರೆಯ ಮುಂದೆ ಕೂತ ಸ್ಕಾಟಿಷ್ ಸೈನಿಕ, ಪಕ್ಕದಲ್ಲಿ ತಟ್ಟೆ ಹಿಡಿದು ನಿಂತ ಸಿಖ್ಖ. ಆ ಚಿತ್ರ ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಎಷ್ಟೋ ದಶಕಗಳ ಮೇಲೆ ಆ ಸಿಖ್ಖನನ್ನೂ ಸೈನಿಕನ ಪಕ್ಕ ಕೂರಿಸಿದರು.

ಚಿಕೋರಿ ನಮ್ಮ ಫಿಲ್ಟರಿನಲ್ಲಿ ಮಾಡುವ ಕೆಲಸವೇ ಬೇರೆ. ಕಾಫಿಪುಡಿಗಿಂತ ಹೆಚ್ಚಿನ ಪಾಲು ನೀರಿನಲ್ಲಿ ಕರಗುವುದರಿಂದ ಡಿಕಾಕ್ಷನ್ ಕಪ್ಪಾಗಿ, ಮಂದವಾಗಿ ಇಳಿಯುತ್ತದೆ. ನೀರು ಬೇಗ ಸೋರಿಹೋಗದೆ ಪುಡಿಯೊಳಗೆ ನಿಧಾನವಾಗಿ ಹಾಯುತ್ತದೆ. ಒಂದು ಲೋಟ ಹಾಲಿಗೆ ಇಷ್ಟೇ ಇಷ್ಟು ಡಿಕಾಕ್ಷನ್ ಸಾಕಾಗುವುದು ಹೀಗೆ. ದೊಡ್ಡ ಸಂಸಾರವನ್ನು ಸಣ್ಣ ಸಂಬಳದಲ್ಲಿ ತೂಗಿಸಿದ ಹೆಂಗಸರಿಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು. ಬೀಜ ಹುರಿದು, ಪುಡಿ ಯಂತ್ರದಿಂದ ಬಿಸಿಬಿಸಿಯಾಗಿ ಬೀಳುವಾಗ ಅಪ್ಪ ಚಿಕೋರಿಯನ್ನು ತೂಗಿ ಬೆರೆಸುತ್ತಿದ್ದರು, ಗಿರಾಕಿಯ ಕಣ್ಣೆದುರಿಗೇ. ಚಿಕೋರಿ ತೇವ ಎಳೆದುಕೊಂಡು ಬೇಗ ಗಂಟು ಕಟ್ಟುತ್ತದೆ. ಮಳೆಗಾಲದಲ್ಲಿ ಅದರ ಡಬ್ಬದ ಮುಚ್ಚಳ ತೆರೆದಿಟ್ಟರೆ ಮನೆಯಲ್ಲಿ ಯಾರಿಗೂ ರಿಯಾಯಿತಿ ಇರಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿದಾಗ ಬೆಳೆಗಾರರ ಕಾಫಿ ಗೋದಾಮಿನಲ್ಲೇ ಉಳಿಯಿತು. 1942ರ ಕಾಯಿದೆಯಿಂದ ಬಂದ ಕಾಫಿ ಬೋರ್ಡು ಎಲ್ಲರ ಬೆಳೆಯನ್ನೂ ಒಂದೇ ಪೂಲ್‌ಗೆ ಸೇರಿಸಿ ಹರಾಜು ಹಾಕತೊಡಗಿತು. 1990ರ ದಶಕದಲ್ಲಿ ಅದು ಸಡಿಲವಾಗುವ ತನಕ ನಮ್ಮಂಥ ಅಂಗಡಿಯವರಿಗೆ ಸಿಗುತ್ತಿದ್ದುದು ದರ್ಜೆಯ ಹೆಸರು ಮಾತ್ರ: ಪೀಬೆರಿ, ಪ್ಲಾಂಟೇಶನ್ ಎ, ಚೆರಿ. ಯಾವ ತೋಟದ್ದು, ಯಾರು ಬೆಳೆದದ್ದು ಎಂಬುದು ಪೂಲ್‌ನಲ್ಲಿ ಕಳೆದುಹೋಗುತ್ತಿತ್ತು. ರುಚಿ ಪ್ರತಿ ತಿಂಗಳೂ ಒಂದೇ ಇರಬೇಕಾದರೆ ಬೆರಕೆಯ ಕೈ ಪಳಗಿರಬೇಕಿತ್ತು.

ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು, ಚಿಕೋರಿ ಎಷ್ಟೆಂದು ಪೊಟ್ಟಣದ ಮೇಲೆ ಬರೆಯಬೇಕು ಎನ್ನುತ್ತದೆ ಕಾನೂನು. ಅದು ಸರಿ, ಹೇಳದೆ ಬೆರೆಸಿದರೆ ಮೋಸವೇ. ಆದರೆ ಬಹುತೇಕ ಪೊಟ್ಟಣಗಳಲ್ಲಿ ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು ಎಂಬುದು ಕಾಣುವುದಿಲ್ಲ. ಅದನ್ನೂ ಬರೆಯಬೇಕು. ನಮ್ಮ ಅಂಗಡಿಯ ಚೀಟಿಯಲ್ಲಿ ಮೂರನ್ನೂ ಬರೆದು ಕೊಡುತ್ತೇನೆ, ಬೀಜ ಬಂದ ಊರಿನ ಹೆಸರು ಸಮೇತ.