ಲಾರಿ ಅಪಘಾತದ ಪರಿಹಾರ ದಾವೆಗಳು ಮತ್ತು ಕೇಂದ್ರದ ಸುರಕ್ಷತಾ ನಿಯಮಗಳು

ಲಾರಿ, ಟ್ಯಾಂಕರ್, ಟ್ರೇಲರ್‌ಗಳಂಥ ಸರಕು ವಾಹನಗಳ ಅಪಘಾತದಲ್ಲಿ ಗಾಯಗೊಂಡವರು ಮತ್ತು ಮೃತರ ಅವಲಂಬಿತರು ಹೂಡುವ ಪರಿಹಾರ ದಾವೆಗಳಿಗೆ ಭಾರತದಲ್ಲಿ ಆಧಾರ 1988ರ ಮೋಟಾರು ವಾಹನ ಕಾಯ್ದೆ ಮತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಯಂತ್ರಚಾಲಿತ ವಾಹನಗಳು ಸಂವಿಧಾನದ ಸಮವರ್ತಿ ಪಟ್ಟಿಯ 35ನೆಯ ನಮೂದಿಗೆ ಸೇರಿವೆ. ಹೀಗಾಗಿ ಬ್ರೇಕು, ದೀಪ, ಭಾರ, ಎಫ್‌ಸಿ (ಅರ್ಹತಾ ಪತ್ರ), ಡಿಎಲ್ (ಚಾಲನಾ ಪರವಾನಗಿ) ಇವುಗಳ ಕಟ್ಟಳೆಯನ್ನು ಕೇಂದ್ರ ರೂಪಿಸುತ್ತದೆ. ರಸ್ತೆಯಲ್ಲಿ ಅದನ್ನು ಜಾರಿ ಮಾಡುವುದು ರಾಜ್ಯದ ಸಾರಿಗೆ ಇಲಾಖೆ ಮತ್ತು ಪೊಲೀಸರು. ಈ ಕಟ್ಟಳೆಗಳು ದಾವೆಯ ಮೇಲೆ ಬೀರುವ ಪರಿಣಾಮವನ್ನು ಆಂಧ್ರಪ್ರದೇಶದ ವಿಶಾಖಪಟ್ಟಣ–ವಿಜಯವಾಡ ಹೆದ್ದಾರಿಯನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದೆ.

ಹೆದ್ದಾರಿ

ಎರಡು ನಗರಗಳ ನಡುವಿನ ಸುಮಾರು 350 ಕಿ.ಮೀ. ದಾರಿ ರಾಷ್ಟ್ರೀಯ ಹೆದ್ದಾರಿ 16ರ ಭಾಗ. 2010ಕ್ಕೆ ಮೊದಲು ಇದರ ಸಂಖ್ಯೆ 5. ಕೋಲ್ಕತ್ತ–ಚೆನ್ನೈ ಸುವರ್ಣ ಚತುಷ್ಪಥದ ಈ ಭಾಗ ಅನಕಾಪಲ್ಲಿ, ತುನಿ, ರಾಜಮಹೇಂದ್ರವರಂ, ಏಲೂರುಗಳನ್ನು ಹಾಯ್ದು ಹೋಗುತ್ತದೆ. ವಿಶಾಖಪಟ್ಟಣದ ಬಂದರು, ಗಂಗಾವರಂ ಬಂದರು, ಹಿಂದೂಸ್ಥಾನ್ ಪೆಟ್ರೋಲಿಯಂನ ತೈಲ ಸಂಸ್ಕರಣಾಗಾರ ಮತ್ತು ರಾಷ್ಟ್ರೀಯ ಇಸ್ಪಾತ್ ನಿಗಮದ ಉಕ್ಕಿನ ಕಾರ್ಖಾನೆಯಿಂದ ಹೊರಡುವ ಕಬ್ಬಿಣದ ಸರಳು, ಕಲ್ಲಿದ್ದಲು, ಅನಿಲ, ಡೀಸೆಲ್ ಹೊತ್ತ ವಾಹನಗಳು ಈ ದಾರಿ ಹಿಡಿಯುತ್ತವೆ. ವಿಜಯವಾಡದ ಆಟೋನಗರ ಲಾರಿಗಳ ಬಾಡಿ ಕಟ್ಟುವ, ರಿಪೇರಿ ಮಾಡುವ ದೊಡ್ಡ ಕೇಂದ್ರ. ಅಲ್ಲಿಂದ ಹೈದರಾಬಾದಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಬೀದರ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣದ ಬಳಿ ಹಾದು ಪುಣೆ ಸೇರುತ್ತದೆ. ಕರ್ನಾಟಕದ ಚಾಲಕರಿಗೂ ಸರಕು ಸಾಗಣೆದಾರರಿಗೂ ಇದು ಪರಿಚಿತ ದಾರಿ.

ನ್ಯಾಯಮಂಡಳಿ

ಪರಿಹಾರದ ಅರ್ಜಿಯನ್ನು ಕಾಯ್ದೆಯ 166ನೆಯ ಕಲಮಿನಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕು. ಆಂಧ್ರದಲ್ಲಿ ಜಿಲ್ಲಾ ನ್ಯಾಯಾಧೀಶರೇ ಮಂಡಳಿಯ ಕೆಲಸ ನಡೆಸುತ್ತಾರೆ. 173ನೆಯ ಕಲಮಿನ ಮೇಲ್ಮನವಿ, 2019ರ ಜನವರಿ 1ರಿಂದ ಅಮರಾವತಿಯಲ್ಲಿರುವ ಹೈಕೋರ್ಟಿಗೆ ಹೋಗುತ್ತದೆ. ಅರ್ಜಿದಾರರು ವಾಸಿಸುವ ಊರಿನ ಮಂಡಳಿಯಲ್ಲೂ ಅರ್ಜಿ ಹಾಕಬಹುದು. ಏಲೂರಿನ ಬಳಿ ಗಾಯಗೊಂಡ ಕಲಬುರಗಿಯ ವ್ಯಕ್ತಿ ಕಲಬುರಗಿಯಲ್ಲೇ ದಾವೆ ಹೂಡಬಹುದು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ ಮಂಡಳಿಯಾಗಿ ಕೆಲಸ ಮಾಡುತ್ತದೆ.

ಇಲ್ಲಿ ಕ್ರಿಮಿನಲ್ ಮೊಕದ್ದಮೆಯಷ್ಟು ಬಿಗಿಯಾದ ಸಾಕ್ಷ್ಯ ಬೇಕಿಲ್ಲ. ಯಾವ ಕಡೆಯ ಸಂಭವ ಹೆಚ್ಚೆಂದು ತೂಗಿ ನೋಡಿದರೆ ಸಾಕು ಎಂದು ಬಿಮ್ಲಾ ದೇವಿ ಪ್ರಕರಣದಲ್ಲಿ (2009) ಸುಪ್ರೀಂ ಕೋರ್ಟ್ ಹೇಳಿದೆ. ಎಫ್‌ಐಆರ್, ಸ್ಥಳ ಮಹಜರು, ನಕಾಶೆ, ಚಾರ್ಜ್‌ಶೀಟ್ ಮತ್ತು ಜನ ಬ್ರೇಕ್ ಇನ್‌ಸ್ಪೆಕ್ಟರ್ ಎನ್ನುವ ಮೋಟಾರು ವಾಹನ ನಿರೀಕ್ಷಕರ ವರದಿ ಕಡತದಲ್ಲಿರುವ ಮುಖ್ಯ ಕಾಗದಗಳು. ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವಲ್ಲ ಎಂದು ನಿರೀಕ್ಷಕರು ಬರೆದರೆ ಉಳಿಯುವುದು ಚಾಲಕನ ಅಜಾಗರೂಕತೆಯೊಂದೇ. ಬಹುತೇಕ ದಾವೆಗಳು ಅಲ್ಲಿಗೇ ನಿಲ್ಲುತ್ತವೆ. ಚಾಲಕ ಎಷ್ಟು ಗಂಟೆಯಿಂದ ನಿದ್ದೆಗೆಟ್ಟಿದ್ದ, ಲಾರಿಗೆ ಎಷ್ಟು ಟನ್ ಹೇರಲಾಗಿತ್ತು ಎಂಬುದನ್ನು ಯಾರೂ ಕೇಳುವುದಿಲ್ಲ. ಈ ದಾವೆಗಳಲ್ಲಿರುವ ದೊಡ್ಡ ಕೊರತೆ ಇದು.

ನಿಯಮ ಮುರಿದರೆ ತಪ್ಪು ಸಾಬೀತಾಯಿತೇ?

ಇಲ್ಲ. ಉಲ್ಲಂಘನೆಗೂ ಅಪಘಾತಕ್ಕೂ ಕಾರಣ–ಕಾರ್ಯದ ನಂಟು ಕಾಣಬೇಕು. ಡಿಎಲ್ ಇಲ್ಲದೆ ವಾಹನ ಓಡಿಸಿದ ಮಾತ್ರಕ್ಕೆ ಗಾಯಾಳುವಿನ ಪಾಲೂ ತಪ್ಪಿದೆ ಎನ್ನಲಾಗದು ಎಂದು 2008ರ ಸುಧೀರ್ ಕುಮಾರ್ ರಾಣಾ ತೀರ್ಪು ಹೇಳಿತು. ಬೈಕಿನಲ್ಲಿ ಮೂವರು ಕೂತಿದ್ದರು ಎಂಬ ಕಾರಣವೊಂದರಿಂದಲೇ ಪರಿಹಾರ ಕಡಿತ ಮಾಡುವಂತಿಲ್ಲ ಎಂದು 2020ರ ಮೊಹಮ್ಮದ್ ಸಿದ್ದಿಕ್ ತೀರ್ಪು ಹೇಳಿತು. ಈ ತತ್ತ್ವ ಗಾಯಾಳುವಿಗೆ ರಕ್ಷೆ. ಅದೇ ತತ್ತ್ವ ಲಾರಿ ಮಾಲೀಕನಿಗೂ ಅನ್ವಯಿಸುತ್ತದೆ: ಓವರ್‌ಲೋಡ್ ಇತ್ತು ಎಂದಷ್ಟೇ ಹೇಳಿದರೆ ಸಾಲದು, ಆ ಭಾರದಿಂದ ಬ್ರೇಕ್ ಹಿಡಿಯಲಿಲ್ಲ ಅಥವಾ ವಾಹನ ಮಗುಚಿತು ಎಂದು ತೋರಿಸಬೇಕು.

ನಿಯಮಭಂಗ ಮತ್ತು ಅಪಘಾತದ ನಂಟು ಅತ್ಯಂತ ಸ್ಪಷ್ಟವಾಗಿ ಕಾಣುವುದು ನಿಂತ ಲಾರಿಯ ಪ್ರಕರಣಗಳಲ್ಲಿ. ಟೈರ್ ಒಡೆದು, ಆಕ್ಸಲ್ ಮುರಿದು ಅಥವಾ ಧಾಬಾದ ಎದುರು ಚಾಲಕ ಊಟಕ್ಕಿಳಿದು, ರಾತ್ರಿ ದೀಪವಿಲ್ಲದೆ ರಸ್ತೆಯಲ್ಲೇ ನಿಂತ ಲಾರಿಗೆ ಹಿಂದಿನಿಂದ ಕಾರು, ಬೈಕು ಬಡಿಯುವುದು ನಮ್ಮ ಹೆದ್ದಾರಿಗಳಲ್ಲಿ ಪದೇ ಪದೇ ಆಗುವ ಸಾವು. ಇಂಥ ಪ್ರಕರಣಕ್ಕೆ ಅನ್ವಯಿಸುವ ನಿಯಮಗಳು ಹಲವು. ಅಪಾಯವಾಗುವಂತೆ ವಾಹನ ಬಿಟ್ಟುಹೋಗುವುದನ್ನು ಕಾಯ್ದೆಯ 122ನೆಯ ಕಲಮು ನಿಷೇಧಿಸುತ್ತದೆ. ನಿಲುಗಡೆ ದೀಪದ ಬಗ್ಗೆ ನಿಯಮ 109, ಪ್ರತಿಫಲಕಗಳ ಬಗ್ಗೆ ನಿಯಮ 104 ಇದೆ. ಬಡಿದ ಕಾರು ಲಾರಿಯ ಅಡಿಗೆ ನುಗ್ಗದಂತೆ ಹಿಂಭಾಗದಲ್ಲೂ ಪಕ್ಕದಲ್ಲೂ ತಡೆಪಟ್ಟಿ ಇರಬೇಕೆಂದು ನಿಯಮ 124ರಡಿ ಭಾರತೀಯ ಮಾನದಂಡಗಳು ನಿಗದಿಯಾಗಿವೆ. ಇಷ್ಟಿದ್ದರೂ ಹಿಂದಿನಿಂದ ಬಡಿದವನದೇ ತಪ್ಪು ಎಂಬ ಭಾವನೆಯಿಂದ ಪರಿಹಾರವನ್ನು ಅರ್ಧಕ್ಕೆ ಇಳಿಸಿದ ತೀರ್ಪುಗಳು ಬಹಳ. ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಮತ್ತೆ ತಿದ್ದಿದೆ. ಅನಿಲ ಟ್ಯಾಂಕರನ್ನು ಸೂಚನಾ ದೀಪವಿಲ್ಲದೆ ರಸ್ತೆ ಮಧ್ಯೆ ನಿಲ್ಲಿಸಿದ್ದ ಅರ್ಚಿತ್ ಸೈನಿ ಪ್ರಕರಣದಲ್ಲಿ (2018) ಹೈಕೋರ್ಟಿನ ಕಡಿತವನ್ನು ರದ್ದುಮಾಡಿತು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನಿಂದ ಬಂದ ಮೇಲ್ಮನವಿಯೊಂದರಲ್ಲಿ, ಹೆದ್ದಾರಿಯಲ್ಲಿ ಎಚ್ಚರಿಕೆಯ ಗುರುತಿಲ್ಲದೆ ನಿಲ್ಲಿಸಿದ್ದ ಟ್ರೇಲರಿನ ಮೇಲೆ ಪೂರ್ಣ ಹೊಣೆ ಹೊರಿಸಿತು. ಮಹಜರಿನಲ್ಲಿ ಹಿಂದೀಪ, ಪ್ರತಿಫಲಕ ಪಟ್ಟಿ, ತಡೆಪಟ್ಟಿಗಳ ಸ್ಥಿತಿಯನ್ನು ಪೊಲೀಸರು ನಾಲ್ಕು ಸಾಲು ಬರೆದಿಟ್ಟರೂ ಒಂದು ಕುಟುಂಬಕ್ಕೆ ಸಲ್ಲಬೇಕಾದ ಹಣ ಉಳಿಯುತ್ತದೆ.

ಸರಳುಗಳ ವಿಷಯ ವಿಶಾಖಪಟ್ಟಣಕ್ಕೆ ಹತ್ತಿರದ್ದು. ಲಾರಿಯ ಹಿಂಭಾಗಕ್ಕೆ ಒಂದು ಮೀಟರಿನವರೆಗೆ ಸರಕು ಚಾಚಿರಲು ನಿಯಮ 93 ಅವಕಾಶ ಕೊಟ್ಟಿತ್ತು. ಚಾಚಿದ ಕಬ್ಬಿಣಕ್ಕೆ ತಿವಿದುಕೊಂಡು ಜನ ಸಾಯುತ್ತಿದ್ದುದರಿಂದ 2014ರಲ್ಲಿ ಕೇಂದ್ರ ಆ ಅವಕಾಶವನ್ನು ತೆಗೆದುಹಾಕಿತು. ಅಂದಿನಿಂದ ಚಾಚಿದ ಸರಳೇ ನಿಯಮಭಂಗಕ್ಕೆ ಪುರಾವೆಯಾಗಿದೆ.

ಭಾರ

ಭಾರದ ಮಿತಿಯನ್ನು 113ನೆಯ ಕಲಮು ಹೇಳುತ್ತದೆ. 2018ರ ಜುಲೈಯಲ್ಲಿ ಕೇಂದ್ರ ಆಕ್ಸಲ್ ಮಿತಿಯನ್ನು ಏರಿಸಿ, ಮೂರು ಆಕ್ಸಲಿನ ಲಾರಿಯ ಒಟ್ಟು ತೂಕವನ್ನು 25 ಟನ್ನಿನಿಂದ 28.5 ಟನ್ನಿಗೆ ತಂದಿತು. ಮಿತಿ ಮೀರಿದರೆ 194ನೆಯ ಕಲಮಿನಡಿ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ. ದಂಡ ಕಟ್ಟಿದರೂ ಹೆಚ್ಚುವರಿ ಸರಕನ್ನು ಇಳಿಸದೆ ಲಾರಿ ಮುಂದೆ ಹೋಗುವಂತಿಲ್ಲ ಎಂಬುದು ಪರಮಜಿತ್ ಭಸೀನ್ ತೀರ್ಪಿನ (2005) ಸಾರ. ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ, ಗಾಯಾಳುವಿಗೆ ಅದರಲ್ಲಿ ಪಾಲಿಲ್ಲ. ಆದರೆ ವೇ ಬ್ರಿಡ್ಜಿನ ಚೀಟಿ ಮಂಡಳಿಯ ಮುಂದೆ ಬಂದರೆ ಮಾಲೀಕನ ನಿರ್ಲಕ್ಷ್ಯಕ್ಕೆ ಅದಕ್ಕಿಂತ ನೇರವಾದ ಸಾಕ್ಷ್ಯ ಬೇರೊಂದಿಲ್ಲ.

ದುಡಿಮೆಯ ಗಂಟೆಗಳು

ಅಮೆರಿಕದಲ್ಲಿ ಲಾರಿ ಚಾಲಕ 10 ಗಂಟೆ ವಿಶ್ರಾಂತಿಯ ನಂತರ ಗರಿಷ್ಠ 11 ಗಂಟೆ ಮಾತ್ರ ಓಡಿಸಬಹುದು. 2017ರ ಡಿಸೆಂಬರಿನಿಂದ ಬಹುಪಾಲು ವಾಹನಗಳಲ್ಲಿ ಆ ಗಂಟೆಗಳು ವಿದ್ಯುನ್ಮಾನ ಯಂತ್ರದಲ್ಲಿ ದಾಖಲಾಗುತ್ತವೆ. ಅಲ್ಲಿನ ವಕೀಲರು ಮೊದಲು ಕೇಳುವುದೇ ಆ ದಾಖಲೆಯನ್ನು. ಭಾರತದಲ್ಲೂ ಮಿತಿ ಇಲ್ಲದಿಲ್ಲ. ಕಾಯ್ದೆಯ 91ನೆಯ ಕಲಮು ಚಾಲಕನ ದುಡಿಮೆಯನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಗೆ ಕಟ್ಟಿತ್ತು: ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಆ ಕಾಯ್ದೆ ಈಗ 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತೆ ಸಂಹಿತೆಯಲ್ಲಿ ಸೇರಿಹೋಗಿದೆ. ಗಂಟೆ ಲೆಕ್ಕ ಇಡುವ ಯಂತ್ರ ಮಾತ್ರ ಸಾಮಾನ್ಯ ಲಾರಿಯಲ್ಲಿ ಇಲ್ಲ. ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಚಾಲಕರು ಇರಲೇಬೇಕೆಂಬ ನಿಯಮವನ್ನು 2018ರಲ್ಲಿ ಕೈಬಿಡಲಾಯಿತು. ಸುರಕ್ಷತೆಯ ದೃಷ್ಟಿಯಿಂದ ಇದು ಹಿಂದಡಿ. ವಿಶಾಖಪಟ್ಟಣದಲ್ಲಿ ಹೇರಿಸಿಕೊಂಡು ಒಬ್ಬನೇ ರಾತ್ರಿಯಿಡೀ ಓಡಿಸುವ ಚಾಲಕನೂ ಈ ವ್ಯವಸ್ಥೆಯ ಬಲಿಪಶುವೇ. ಅಪಘಾತವಾದಾಗ ಜೈಲು ಅವನಿಗೆ. ಗಡುವು ಹಾಕಿ ಕಳಿಸಿದವರ ಹೆಸರು ಕಡತದಲ್ಲಿ ಇರುವುದಿಲ್ಲ.

ಆದರೂ ದಾಖಲೆಗಳು ಇವೆ. 2021ರ ಫೆಬ್ರವರಿಯಿಂದ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿರುವುದರಿಂದ ಲಾರಿ ಯಾವ ಟೋಲನ್ನು ಎಷ್ಟು ಹೊತ್ತಿಗೆ ದಾಟಿತು ಎಂಬುದು ತಿಳಿಯುತ್ತದೆ. 2018ರ ಏಪ್ರಿಲಿನಿಂದ ಇರುವ ಇ–ವೇ ಬಿಲ್ ಸರಕಿನ ವಿವರವನ್ನೂ ವಾಹನದ ಸಂಖ್ಯೆಯನ್ನೂ ಹೇಳುತ್ತದೆ. ಎರಡು ಟೋಲ್‌ಗಳ ನಡುವಿನ ದೂರವನ್ನು ಸಮಯದಿಂದ ಭಾಗಿಸಿದರೆ, ಸರಕು ವಾಹನಕ್ಕೆ ಇರುವ ಗಂಟೆಗೆ 80 ಕಿ.ಮೀ. ಮಿತಿ ಮೀರಿತ್ತೇ ಎಂಬುದೂ ಗೊತ್ತಾಗುತ್ತದೆ. ಇವನ್ನು ತರಿಸಿಕೊಡಿ ಎಂದು ಅರ್ಜಿದಾರರ ವಕೀಲರು ಮಂಡಳಿಯನ್ನು ಕೇಳಬಹುದು, ಕೇಳಬೇಕು.

ವಿಮೆ

ಸುರಕ್ಷತಾ ನಿಯಮಗಳನ್ನು ಗಾಯಾಳುಗಳಿಗಿಂತ ಹೆಚ್ಚು ಬಳಸಿಕೊಂಡಿರುವುದು ವಿಮಾ ಕಂಪನಿಗಳು. 150ನೆಯ ಕಲಮು (2022ಕ್ಕೆ ಮೊದಲು 149) ಅವು ಎತ್ತಬಹುದಾದ ತಕರಾರುಗಳನ್ನು ಪಟ್ಟಿ ಮಾಡಿದೆ: ಚಾಲಕನಿಗೆ ಡಿಎಲ್ ಇಲ್ಲದಿರುವುದು, ಪರ್ಮಿಟ್ ಒಪ್ಪದ ಬಳಕೆ, ಕುಡಿದು ಓಡಿಸುವುದು ಮುಂತಾದವು. ಓವರ್‌ಲೋಡ್ ಆ ಪಟ್ಟಿಯಲ್ಲಿ ಇಲ್ಲ. ಎಫ್‌ಸಿ ಮುಗಿದಿದ್ದರೆ ಕಂಪನಿಯ ಹೊಣೆ ಏನೆಂಬುದು ವಾದಕ್ಕೆ ಒಳಗಾಗಿದೆ; ಅದು ಮೂಲಭೂತ ಉಲ್ಲಂಘನೆ ಎಂದು ಕೇರಳ ಹೈಕೋರ್ಟಿನ ಪೂರ್ಣಪೀಠ 2018ರಲ್ಲಿ ಹೇಳಿದೆ.

2004ರ ಸ್ವರಣ್ ಸಿಂಗ್ ತೀರ್ಪಿನ ಪ್ರಕಾರ, ಮಾಲೀಕ ತಿಳಿದೂ ತಿಳಿದೂ ಷರತ್ತು ಮುರಿದ ಎಂದು ಸಾಬೀತುಪಡಿಸುವ ಭಾರ ಕಂಪನಿಯದು. ಸಾಬೀತಾದರೂ ಮೊದಲು ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯ ಆದೇಶಿಸಬಹುದು. ಪರ್ಮಿಟ್ ಇಲ್ಲದ ವಾಹನಕ್ಕೂ ಇದೇ ಕ್ರಮ ಅನುಸರಿಸಿದ ತೀರ್ಪುಗಳಿವೆ. ಲಘು ವಾಹನದ ಡಿಎಲ್ ಇದ್ದವರು 7,500 ಕೆ.ಜಿ.ಗಿಂತ ಕಡಿಮೆ ತೂಕದ ಸಾರಿಗೆ ವಾಹನ ಓಡಿಸಬಹುದು ಎಂದು 2024ರ ನವೆಂಬರ್ 6ರಂದು ಸಂವಿಧಾನ ಪೀಠ ತೀರ್ಪಿತ್ತ ಮೇಲೆ ಸಣ್ಣ ಸರಕು ವಾಹನಗಳ ವಿಷಯದಲ್ಲಿ ಒಂದು ದೊಡ್ಡ ತಕರಾರು ಬಿದ್ದುಹೋಯಿತು.

ಲೋಡಿನ ಮೇಲೆ ಕೂತು ಹೋಗುವವರ ಪಾಡು ಮಾತ್ರ ಕಠಿಣ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಕೊಂಡ ಪ್ರಯಾಣಿಕರಿಗೆ ವಿಮೆ ಅನ್ವಯಿಸುವುದಿಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ (2003) ತೀರ್ಮಾನವಾಯಿತು. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ 1994ರ ತಿದ್ದುಪಡಿ ರಕ್ಷಣೆ ಕೊಟ್ಟಿದೆ. ಲಾರಿ ಮಾಲೀಕ ನೇಮಿಸಿಕೊಂಡ ಹಮಾಲಿಗೆ ನೌಕರರ ಪರಿಹಾರ ಕಾನೂನಿನ (2025ರ ನವೆಂಬರಿನವರೆಗೆ 1923ರ ಕಾಯ್ದೆ) ಮಿತಿಯಲ್ಲಿ ಹಣ ಸಿಗುತ್ತದೆ. ಗಾಯಗೊಂಡ ಚಾಲಕ ಆ ಕಾನೂನನ್ನೋ ಮೋಟಾರು ವಾಹನ ಕಾಯ್ದೆಯನ್ನೋ ಆರಿಸಿಕೊಳ್ಳಬೇಕು. 167ನೆಯ ಕಲಮಿನಂತೆ ಎರಡರಡಿಯೂ ಕೇಳುವಂತಿಲ್ಲ.

ಮೊತ್ತ

ಮೊತ್ತದ ಲೆಕ್ಕಕ್ಕೆ ಸರಳಾ ವರ್ಮಾ (2009) ಮತ್ತು ಪ್ರಣಯ್ ಸೇಠಿ (2017) ತೀರ್ಪುಗಳು ಆಧಾರ. ಗಾಯದ ಪ್ರಕರಣದಲ್ಲಿ ವೈದ್ಯರು ಹೇಳುವ ಅಂಗವೈಕಲ್ಯದ ಪ್ರಮಾಣಕ್ಕಿಂತ ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿತು ಎಂಬುದನ್ನು ನೋಡಬೇಕೆಂದು ರಾಜ್ ಕುಮಾರ್ ಪ್ರಕರಣ (2011) ಹೇಳಿದೆ. ಉದಾಹರಣೆಗೆ, ತಿಂಗಳಿಗೆ 15,000 ರೂಪಾಯಿ ದುಡಿಯುವ 32 ವರ್ಷದ ಸ್ವಯಂ ಉದ್ಯೋಗಿಯ ಗಳಿಕೆ ಶೇ. 40ರಷ್ಟು ಕುಂದಿದೆ ಎನ್ನೋಣ. ಭವಿಷ್ಯದ ಏರಿಕೆಯೆಂದು ಶೇ. 40 ಸೇರಿಸಿದರೆ ತಿಂಗಳಿಗೆ 21,000, ವರ್ಷಕ್ಕೆ 2,52,000. ಆ ವಯಸ್ಸಿನ ಗುಣಕ 16. ಇವೆರಡರ ಗುಣಲಬ್ಧದ ಶೇ. 40, ಅಂದರೆ ಗಳಿಕೆಯ ನಷ್ಟವೇ 16,12,800 ರೂಪಾಯಿ; ಆಸ್ಪತ್ರೆ ಖರ್ಚು, ನೋವಿನ ಪರಿಹಾರ ಬೇರೆ. ಗಾಯಾಳುವಿನ ಮೇಲೂ ಅರ್ಧ ತಪ್ಪು ಹೊರಿಸಿದರೆ ಇದರಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಕೈತಪ್ಪುತ್ತದೆ. ಹಿಂದೀಪ ಉರಿಯುತ್ತಿತ್ತೇ ಎಂಬ ಪ್ರಶ್ನೆಯ ಬೆಲೆ ಇಷ್ಟು.

ತಪ್ಪು ಯಾರದೆಂದು ನೋಡದೆ 164ನೆಯ ಕಲಮಿನಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ದೊರೆಯುತ್ತದೆ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000.

ಗಡುವು

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ಅಪಘಾತ ವರದಿ ಕೊಡಬೇಕು. ಅದೇ ದಿನದಿಂದ ಅರ್ಜಿಗೆ ಆರು ತಿಂಗಳ ಮಿತಿ ಬಂದಿದೆ. ಮಿತಿಯ ಸಿಂಧುತ್ವ ಪ್ರಶ್ನೆಗೆ ಒಳಗಾಗಿರುವುದರಿಂದ, ತಡವಾಯಿತೆಂಬ ಕಾರಣಕ್ಕೆ ಅರ್ಜಿ ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಿದೆ. ಹಾಗೆಂದು ಗಾಯಾಳುವಿನ ಮನೆಯವರು ಕಾಯಬಾರದು. ಆರು ತಿಂಗಳೊಳಗೇ ಅರ್ಜಿ ಹಾಕಿ, ಲಾರಿಯ ಎಫ್‌ಸಿ, ಪರ್ಮಿಟ್, ವೇ ಬ್ರಿಡ್ಜ್ ಚೀಟಿ ಮತ್ತು ಫಾಸ್ಟ್ಯಾಗ್ ವಿವರವನ್ನು ಮಂಡಳಿಯ ಮೂಲಕ ತರಿಸಿಕೊಳ್ಳಬೇಕು.