ಸರ್ಜಾಪುರದಲ್ಲಿ ಎರಡು ದಿನ: ಎಲ್ಲಿ ತಿನ್ನಬೇಕು, ಏನು ಕುಡಿಯಬೇಕು, ಯಾವ ಫಾರ್ವರ್ಡ್ ನಂಬಬಾರದು?

ಮಗಳನ್ನು ಕಾಲೇಜಿಗೆ ಸೇರಿಸಲು, ಕೆಲಸದ ಸಂದರ್ಶನಕ್ಕೆ ಅಥವಾ ಹೊಸ ಅಪಾರ್ಟ್‌ಮೆಂಟಿನಲ್ಲಿರುವ ಮಗನನ್ನು ನೋಡಲು ಸರ್ಜಾಪುರಕ್ಕೆ ಹೊರಟಿದ್ದೀರಾ? ಹಾಗಾದರೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಸಲಹೆಗಳು ಆಗಲೇ ಬಂದಿರುತ್ತವೆ. ಬೆಂಗಳೂರಲ್ಲಿ ಇಡ್ಲಿ ತಿಂದರೆ ಕ್ಯಾನ್ಸರ್, ಗೋಬಿ ಮಂಚೂರಿಯನ್ ಬ್ಯಾನ್ ಆಗಿದೆ, ಯಾವ ಹೋಟೆಲಿಗೆ ಹೋದರೂ ನೀರು ಮತ್ತು ಶೌಚಾಲಯ ಉಚಿತ, ಅದು ಕಾನೂನು. ಇವುಗಳಲ್ಲಿ ನಿಜ ಎಷ್ಟು ಎಂದು ನೋಡೋಣ.

ಮೊದಲು ಒಂದು ಗೊಂದಲ ಬಗೆಹರಿಸಬೇಕು. ಸರ್ಜಾಪುರ ರಸ್ತೆ ಬೇರೆ, ಸರ್ಜಾಪುರ ಊರು ಬೇರೆ. ಊರು ಆನೇಕಲ್ ತಾಲ್ಲೂಕಿನಲ್ಲಿದೆ. ರಸ್ತೆ ಕೋರಮಂಗಲದ ಕಡೆಯಿಂದ ಹೊರಟು ಇಬ್ಬಲೂರು, ದೊಡ್ಡಕನ್ನಲ್ಲಿ, ದೊಮ್ಮಸಂದ್ರ ದಾಟಿ ಅಲ್ಲಿಗೆ ಬರುತ್ತದೆ. ‘ಸರ್ಜಾಪುರದ ಬೆಸ್ಟ್ ಹೋಟೆಲ್‌ಗಳು’ ಎಂಬ ಪಟ್ಟಿಗಳಲ್ಲಿ ಇರುವುದು ಹೆಚ್ಚಾಗಿ ಇಬ್ಬಲೂರಿನ ಕಡೆಯ ಜಾಗಗಳು. ಊರಿನಿಂದ ಅಲ್ಲಿಗೆ ಸುಮಾರು 15 ಕಿ.ಮೀ. ಸಂಜೆಯ ಟ್ರಾಫಿಕ್ಕಿನಲ್ಲಿ ಮಸಾಲೆ ದೋಸೆಗಾಗಿ ಅಷ್ಟು ದೂರ ಹೋಗುವ ಅಗತ್ಯವಿಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಊರೊಳಗೇ ದರ್ಶಿನಿ, ಮೆಸ್, ಚಹಾ ಅಂಗಡಿ ಸಿಗುತ್ತವೆ.

ಛತ್ರದ ಕಾಯ್ದೆ, ಹೋಟೆಲಿನ ಬಿಲ್

ಉಚಿತ ನೀರಿನ ಸಂದೇಶ ‘1867ರ ಸರಾಯ್ ಕಾಯ್ದೆ’ಯ ಹೆಸರು ಹೇಳುತ್ತದೆ. (ಸರಾಯ್ ಎಂದರೆ ಸಾರಾಯಿ ಅಲ್ಲ, ಪ್ರಯಾಣಿಕರ ಛತ್ರ.) ಅಂಥ ಕಾಯ್ದೆ ಬ್ರಿಟಿಷರ ಕಾಲದಲ್ಲಿ ಬಂದದ್ದು ನಿಜ. ಆದರೆ ಅದರಲ್ಲಿರುವುದು ಛತ್ರ ನಡೆಸುವವನ ಕರ್ತವ್ಯಗಳು: ಕೋಣೆ, ಚರಂಡಿ, ಬಾವಿ ಸ್ವಚ್ಛವಾಗಿಡಬೇಕು, ಕಾವಲುಗಾರರನ್ನು ಇಡಬೇಕು, ದರಪಟ್ಟಿ ತೂಗುಹಾಕಬೇಕು. ದಾರಿಹೋಕರೆಲ್ಲರಿಗೂ ನೀರು, ಶೌಚಾಲಯ ಪುಕ್ಕಟೆ ಕೊಡಬೇಕು ಎಂಬ ಸಾಲು ಅದರಲ್ಲಿಲ್ಲ. ಮೇಲಾಗಿ ಅದು ಪ್ರಯಾಣಿಕರು ತಂಗುವ ಕಟ್ಟಡಗಳಿಗೆ ಮಾತ್ರ. ನಾವು ಕನ್ನಡದಲ್ಲಿ ಇಡ್ಲಿ ಅಂಗಡಿಗೂ ‘ಹೋಟೆಲ್’ ಅನ್ನುತ್ತೇವೆ, ಸಂದೇಶ ಸಲೀಸಾಗಿ ಓಡುವುದಕ್ಕೆ ಅದೂ ಒಂದು ಕಾರಣ. ಒಂದು ಕಾಫಿ ಕುಡಿದು ಶೌಚಾಲಯ ಎಲ್ಲಿ ಎಂದು ಕೇಳಿ, ಸಾಮಾನ್ಯವಾಗಿ ಯಾರೂ ಇಲ್ಲ ಅನ್ನುವುದಿಲ್ಲ. ಕಾಯ್ದೆಯ ಹೆಸರಲ್ಲಿ ಕ್ಯಾಷಿಯರ್ ಜೊತೆ ಜಗಳಕ್ಕೆ ನಿಂತರೆ ಮುಜುಗರ ನಿಮಗೇ.

‘ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ಅಪರಾಧ’ ಎನ್ನುವುದು ಅರ್ಧ ನಿಜ. ಅಂಗಡಿಯವರು ಹೆಚ್ಚು ಕೇಳುವಂತಿಲ್ಲ. ಆದರೆ ಕೂರಿಸಿ ಬಡಿಸುವ ಹೋಟೆಲುಗಳು ಬಾಟಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಸರ್ವಿಸ್ ಚಾರ್ಜ್ ಮಾತ್ರ ಬೇರೆ ವಿಷಯ. ಅದನ್ನು ಬಿಲ್ಲಿಗೆ ತಾನಾಗಿಯೇ ಸೇರಿಸಬಾರದು ಎಂಬ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ತೆಗೆಯಿರಿ ಎಂದು ಧೈರ್ಯವಾಗಿ ಹೇಳಬಹುದು.

ಇಡ್ಲಿಗೆ ಹೆದರಬೇಕೆ?

2025ರ ಫೆಬ್ರವರಿಯಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ಇಡ್ಲಿ ತಯಾರಿಕೆಯನ್ನು ಪರಿಶೀಲಿಸಿದಾಗ ಐವತ್ತಕ್ಕೂ ಹೆಚ್ಚು ಕಡೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದದ್ದು ಕಂಡುಬಂತು. ಹಬೆಯ ಬಿಸಿಗೆ ಪ್ಲಾಸ್ಟಿಕ್ಕಿನ ರಾಸಾಯನಿಕಗಳು ಇಡ್ಲಿಗೆ ಇಳಿಯಬಹುದು ಎಂದು ಸರ್ಕಾರ ಹಾಳೆಯ ಬಳಕೆಯನ್ನು ನಿಷೇಧಿಸಿತು. ತಪ್ಪು ಹಾಳೆಯದು, ಇಡ್ಲಿಯದಲ್ಲ. ದರ್ಶಿನಿಗಳಲ್ಲಿ ಅಡುಗೆಮನೆ ಹೆಚ್ಚಾಗಿ ಕಣ್ಣೆದುರೇ ಇರುತ್ತದೆ. ತಟ್ಟೆಯಲ್ಲಿ ಬಟ್ಟೆ ಹಾಸಿದ್ದಾರೋ, ಎಣ್ಣೆ ಸವರಿದ್ದಾರೋ, ಹಾಳೆ ಹೊಳೆಯುತ್ತಿದೆಯೋ ಎಂದು ನಿಂತಲ್ಲೇ ನೋಡಬಹುದು.

ಗೋಬಿಯ ಕಥೆಯೂ ಹೀಗೇ. 2024ರ ಮಾರ್ಚ್‌ನಲ್ಲಿ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತು. ನಿಷೇಧವಾದದ್ದು ಬಣ್ಣ, ಗೋಬಿ ಅಲ್ಲ. ಆ ವರ್ಷ ಜೂನ್‌ನಲ್ಲಿ ಕಬಾಬಿನ ಕೃತಕ ಬಣ್ಣಕ್ಕೂ ಇದೇ ಗತಿಯಾಯಿತು. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ರೋಡಮಿನ್-ಬಿ ಥರದ ಬಣ್ಣ ನೀರಿನಲ್ಲೇ ಕರಗುತ್ತದೆ. ಕೈ ತೊಳೆದ ನೀರು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅನುಮಾನಿಸಿ. ಇದು ಪ್ರಯೋಗಾಲಯದ ಪರೀಕ್ಷೆಗೆ ಸಮವಲ್ಲ, ಆದರೆ ಸಂಜೆಯ ತಳ್ಳುಗಾಡಿಯ ಮುಂದೆ ಇಷ್ಟೇ ಸಾಧ್ಯ.

ಈ ಫಾರ್ವರ್ಡ್‌ಗಳು ಹೇಳದೇ ಬಿಡುವ ಅಪಾಯವೆಂದರೆ ಚಟ್ನಿ. ಪ್ರವಾಸದಲ್ಲಿ ಹೊಟ್ಟೆ ಕೆಡುವುದು ಬಹುತೇಕ ಸೂಕ್ಷ್ಮಜೀವಿಗಳಿಂದ, ಬಣ್ಣ ಅಥವಾ ಪ್ಲಾಸ್ಟಿಕ್ಕಿನಿಂದಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ಬೇಗ ಬೆಳೆಯುತ್ತವೆ. ಹಬೆಯಿಂದ ಇಳಿದ ಇಡ್ಲಿ, ಕುದಿಯುತ್ತಿರುವ ಸಾಂಬಾರು, ಕಾವಲಿಯಿಂದ ಎದ್ದ ದೋಸೆ ಇವೆಲ್ಲ ಆ ಮಿತಿಯ ಮೇಲಿವೆ. ಬೇಯಿಸದ ತೆಂಗಿನಕಾಯಿಗೆ ನಲ್ಲಿ ನೀರು ಬೆರೆಸಿ, ಬೆಳಿಗ್ಗೆ ರುಬ್ಬಿ ಬಕೆಟ್ಟಿನಲ್ಲಿಟ್ಟ ಚಟ್ನಿ ಮಧ್ಯಾಹ್ನದ ಹೊತ್ತಿಗೆ ಅದೇ ಮಿತಿಯೊಳಗೆ ಕೂತಿರುತ್ತದೆ. ಹಾಗಾಗಿ ಹನ್ನೊಂದು ಗಂಟೆಯ ನಂತರ ಚಟ್ನಿ ಬಿಟ್ಟು ಸಾಂಬಾರು ಹಾಕಿಸಿಕೊಳ್ಳಿ. ಬೆಳಗಿನ ಚಿತ್ರಾನ್ನವನ್ನು ಸಂಜೆ ಬಿಸಿ ಮಾಡಿ ಕೊಟ್ಟರೂ ಬೇಡ: ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ಒಂದು ವಿಷ ಮತ್ತೆ ಬಿಸಿ ಮಾಡಿದರೆ ಹೋಗುವುದಿಲ್ಲ. ಜನ ಮುತ್ತಿಕೊಂಡಿರುವ ಸಣ್ಣ ಜಾಗ ಖಾಲಿ ಬಿದ್ದ ಚಂದದ ಹೋಟೆಲಿಗಿಂತ ಎಷ್ಟೋ ವಾಸಿ. ಅಲ್ಲಿ ಆಹಾರ ಕಾಯುತ್ತಾ ಕೂರುವುದಿಲ್ಲ. 1983ರಲ್ಲಿ ಜಯನಗರದ ಕೆಫೆ ದರ್ಶಿನಿ ಶುರುಮಾಡಿದ ನಿಂತು ತಿನ್ನುವ ಪದ್ಧತಿಯ ಲಾಭ ಬರೀ ಕಡಿಮೆ ಬೆಲೆಯಲ್ಲ, ಈ ವೇಗವೂ ಹೌದು.

ನೀರು

ಸರ್ಜಾಪುರದ ಸುತ್ತಮುತ್ತ ಕೊಳವೆಬಾವಿ, ಟ್ಯಾಂಕರ್ ಮತ್ತು ಕ್ಯಾನ್ ನೀರಿನ ಮೇಲಿನ ಅವಲಂಬನೆ ಹೆಚ್ಚು. ಗಡಸು ನೀರು ಬಾಯಿಗೆ ಸಪ್ಪೆ ಅಥವಾ ಉಪ್ಪುಪ್ಪು ಅನ್ನಿಸಬಹುದು, ಅದರಿಂದಲೇ ಭೇದಿ ಆಗುವುದಿಲ್ಲ. ಟಿಡಿಎಸ್ ಪೆನ್ನು ಅದ್ದಿ ‘ನೀರು ವಿಷ’ ಎನ್ನುವ ವಿಡಿಯೋ ನೋಡಿರುತ್ತೀರಿ. ಆ ಪೆನ್ನು ಅಂದಾಜು ಮಾಡುವುದು ಕರಗಿದ ಲವಣಗಳನ್ನು. ಕುಡಿಯುವ ನೀರಿಗೆ ಭಾರತೀಯ ಮಾನಕದ ಅಪೇಕ್ಷಿತ ಮಿತಿ ಲೀಟರಿಗೆ 500 ಮಿ.ಗ್ರಾಂ, ಬೇರೆ ಮೂಲವಿಲ್ಲದಿದ್ದರೆ 2000. ರೋಗಾಣು ಇದೆಯೇ ಎಂಬುದನ್ನು ಪೆನ್ನು ಹೇಳಲಾರದು. ಪೆನ್ನಿನಲ್ಲಿ 60 ತೋರಿಸಿದ ನೀರಿನಲ್ಲೂ ರೋಗಾಣು ಇರಬಹುದು.

ಹೋಟೆಲಿನಲ್ಲಿ ‘ಬಿಸಿನೀರು’ ಎಂದು ಕೊಡುವ ಲೋಟವನ್ನೂ ಒಮ್ಮೆ ಗಮನಿಸಿ. ಕುದಿಸಿದ ನೀರಿಗೆ ತಣ್ಣೀರು ಬೆರೆಸಿ ಬೆಚ್ಚಗೆ ಮಾಡಿದ್ದರೆ ಕುದಿಸಿದ್ದು ವ್ಯರ್ಥ. ಒಂದು ನಿಮಿಷ ಕೊತಕೊತ ಕುದಿದು ತಾನಾಗಿ ಆರಿದ ನೀರು ಸುರಕ್ಷಿತ. ಕಾಫಿ, ಚಹಾ ಕುದಿಸಿಯೇ ಬರುವುದರಿಂದ ಚಿಂತೆ ಕಡಿಮೆ. ಕಬ್ಬಿನ ಹಾಲಿಗೆ ಐಸ್ ಬೇಡ ಎನ್ನಿ, ಹೆಪ್ಪುಗಟ್ಟಿದರೆ ರೋಗಾಣು ಸಾಯುವುದಿಲ್ಲ. ಎಳನೀರಿಗೆ ಸಾಟಿಯಿಲ್ಲ. ಕಣ್ಣೆದುರು ಕೆತ್ತಿಸಿ, ಮೊದಲೇ ಕತ್ತರಿಸಿಟ್ಟದ್ದು ಬೇಡ.

ಬಾಟಲಿ ಕೊಂಡರೆ ಮುಚ್ಚಳದ ಸೀಲ್, ತಯಾರಿಕೆಯ ದಿನಾಂಕ, 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ನೋಡಿ. ‘ಐಎಸ್‌ಐ ಗುರುತಿಲ್ಲದಿದ್ದರೆ ನಕಲಿ’ ಎಂಬ ಹಳೇ ಸಲಹೆಯನ್ನು ಕಣ್ಣುಮುಚ್ಚಿ ನಂಬಬೇಡಿ, ಆ ಕಡ್ಡಾಯವನ್ನು 2024ರ ಅಕ್ಟೋಬರ್‌ನಲ್ಲಿ ಕೈಬಿಡಲಾಯಿತು.

ಇಷ್ಟಾದರೂ ಹೊಟ್ಟೆ ಕೆಟ್ಟರೆ ಕೊನೆಗೆ ತಿಂದ ಹೋಟೆಲನ್ನೇ ಬೈಯಬೇಡಿ. ಸಾಲ್ಮೊನೆಲ್ಲಾ ಲಕ್ಷಣ ತೋರಲು 6ರಿಂದ 72 ಗಂಟೆ ಬೇಕು, ಕಾರಣ ಊರಿಂದ ಕಟ್ಟಿತಂದ ಬುತ್ತಿಯೂ ಇರಬಹುದು. ಮೆಡಿಕಲ್ ಸ್ಟೋರಿನಲ್ಲಿ ಓಆರ್‌ಎಸ್ ಪುಡಿಯನ್ನೇ ಕೇಳಿ, ಆ ಹೆಸರಿನ ಸಿಹಿ ಪಾನೀಯವನ್ನಲ್ಲ. ಅಂಥ ಪಾನೀಯಗಳ ಮೇಲೆ ‘ಓಆರ್‌ಎಸ್’ ಎಂದು ಬರೆಯಬಾರದೆಂದು ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಪುಡಿ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ. ಮಲದಲ್ಲಿ ರಕ್ತ, ಜೋರು ಜ್ವರ, ಮಗು ಮಂಕಾಗುವುದು ಅಥವಾ ಮೂತ್ರ ನಿಲ್ಲುವುದು ಕಂಡರೆ ಊರಿಗೆ ಹೋಗಿ ನೋಡಿಕೊಳ್ಳೋಣ ಎಂದು ಬಸ್ ಹತ್ತಬೇಡಿ, ಅಲ್ಲೇ ವೈದ್ಯರ ಬಳಿ ಹೋಗಿ.