ಹದಿನೈದು ಅಕ್ಷರಗಳ ಹಿಂದಿನ ಹಣ: ಎಸ್‌ಎಂಎ ಚರಿತ್ರೆಯ ಒಂದು ತಪ್ಪು ಓದು

ಸ್ನಾಯುಗಳು ಕ್ಷೀಣಿಸುವ ಆನುವಂಶಿಕ ಕಾಯಿಲೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ (ಎಸ್‌ಎಂಎ) ಎಂದರೆ ದಾವಣಗೆರೆ, ಹರಿಹರದಲ್ಲೂ ಜನ ‘ಹದಿನಾರು ಕೋಟಿ ಇಂಜೆಕ್ಷನ್’ ಎಂದೇ ಗುರುತಿಸುತ್ತಾರೆ. ಜನ ಹಾಗೆನ್ನಲಿ, ಚರಿತ್ರೆ ಬರೆಯುವವರೂ ಅದೇ ಬೆಲೆಯಿಂದ ಶುರುಮಾಡಿದರೆ ತಕರಾರು ತೆಗೆಯಲೇಬೇಕು. ಆ ಬೆಲೆ ಜೋಲ್ಗೆನ್ಸ್ಮಾದ್ದು. ಅದು ಜೀನಿನ ಹೊಸ ಪ್ರತಿಯನ್ನೇ ದೇಹಕ್ಕೆ ಸೇರಿಸುವ, 2019ರ ಔಷಧ. ಜೀನಿನ ಆರ್‌ಎನ್‌ಎ ಪ್ರತಿಯ ತುಣುಕುಗಳನ್ನು ಜೋಡಿಸುವ ಕ್ರಿಯೆಯನ್ನು (ಸ್ಪ್ಲೈಸಿಂಗ್) ತಿದ್ದುವ ನುಸಿನೆರ್ಸೆನ್‌ಗೆ ಅಮೆರಿಕದಲ್ಲಿ 2016ರ ಡಿಸೆಂಬರಿನಲ್ಲೇ ಅನುಮತಿ ಸಿಕ್ಕಿತ್ತು. ಎರಡನ್ನೂ ಕಲಸಿಬಿಟ್ಟರೆ ಯಾವ ಸಂಶೋಧನೆಗೆ ಯಾರು ಹಣ ಹಾಕಿದರೆಂಬ ಲೆಕ್ಕ ಸಿಗುವುದಿಲ್ಲ.

ಇನ್ನಷ್ಟು ತಿಳಿದವರು 2008ರ ವಿಜ್ಞಾನಿ ಏಡ್ರಿಯನ್ ಕ್ರೈನರ್ ತಂಡದ ಪ್ರಬಂಧದಿಂದ ನುಸಿನೆರ್ಸೆನ್ ಕಥೆ ಆರಂಭಿಸುತ್ತಾರೆ. ಅವರು ದಾಟಿಹೋಗುವುದು 2006ರಲ್ಲಿ ‘ಮಾಲಿಕ್ಯುಲರ್ ಅಂಡ್ ಸೆಲ್ಯುಲರ್ ಬಯಾಲಜಿ’ಯಲ್ಲಿ ರವೀಂದ್ರ ಸಿಂಗ್, ಎಲಿಯಟ್ ಆಂಡ್ರೋಫಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧವನ್ನು. ಎಸ್‌ಎಂಎನ್2 ಜೀನಿನಲ್ಲಿ ಒಂದು ಡಿಎನ್‌ಎ ಅಕ್ಷರ ‘ಸಿ’ಯಿಂದ ‘ಟಿ’ ಆಗಿರುವುದರಿಂದ ಜೋಡಣೆಯಲ್ಲಿ ಉಳಿಯಬೇಕಾದ ಏಳನೆಯ ತುಣುಕು (ಎಕ್ಸಾನ್) ಬಹುಪಾಲು ಬಿಟ್ಟುಹೋಗುತ್ತದೆಂಬುದು 1999ರಲ್ಲೇ ತಿಳಿದಿತ್ತು. ಸಿಂಗ್ ತಂಡ ಪಕ್ಕದ ಇಂಟ್ರಾನಿನಲ್ಲಿ, ಅಂದರೆ ಜೋಡಣೆಯ ವೇಳೆ ಕತ್ತರಿಸಿ ತೆಗೆಯುವ ಭಾಗದಲ್ಲಿ, 15 ಅಕ್ಷರಗಳ ಒಂದು ತುಣುಕನ್ನು ಗುರುತಿಸಿತು. ಎಕ್ಸಾನ್ ಸೇರದಂತೆ ತಡೆಯುವ ಆ ತುಣುಕಿಗೆ ಐಎಸ್‌ಎಸ್-ಎನ್1 ಎಂದು ಹೆಸರಿಟ್ಟಿತು.

ಇದು ಬರೀ ಪ್ರಯೋಗಾಲಯದ ಕುತೂಹಲವೆನ್ನುವವರು ಪ್ರಬಂಧವನ್ನು ಕೊನೆವರೆಗೂ ಓದಿರಲಾರರು. ಅದಕ್ಕೆ ಜೋಡಿಯಾಗಿ ಅಂಟಿಕೊಳ್ಳುವ ಆಂಟಿಸೆನ್ಸ್ ಎಳೆಯಿಂದ ಆ ತುಣುಕನ್ನು ಮುಚ್ಚಿದರೆ ರೋಗಿಯ ಕೋಶಗಳಲ್ಲೂ ಎಕ್ಸಾನ್ ಮರಳುತ್ತದೆಂದು ಅಲ್ಲೇ ತೋರಿಸಲಾಗಿದೆ. ನುಸಿನೆರ್ಸೆನ್‌ನ 18 ಅಕ್ಷರಗಳು ಕೂರುವುದೂ ಇದೇ ಜಾಗದಲ್ಲಿ. ಇಲಿಗಳಲ್ಲಿ ಪರೀಕ್ಷಿಸಿ ಔಷಧದ ಹಾದಿ ಹಿಡಿಸಿದ ಕ್ರೈನರ್ ಕೆಲಸ ಸಣ್ಣದಲ್ಲ. ಅದನ್ನು ಅಲ್ಲಗಳೆಯುವ ಉತ್ಸಾಹ ನನಗಿಲ್ಲ. ಆದರೆ ಎರಡು ವರ್ಷ ಮೊದಲು ಬಂದದ್ದು ಮೊದಲು ಬಂದದ್ದೇ.

ಹಣದ ಕಥೆಯೂ ಇಲ್ಲಿಯೇ ತೆರೆದುಕೊಳ್ಳುತ್ತದೆ. ಸಿಂಗ್ ತಂಡದ ಆರಂಭದ ಕೆಲಸಕ್ಕೆ ನೆರವು ಕೊಟ್ಟವರಲ್ಲಿ ರೋಗಿಗಳ ಕುಟುಂಬಗಳು 1984ರಲ್ಲಿ ಕಟ್ಟಿಕೊಂಡ ‘ಫ್ಯಾಮಿಲೀಸ್ ಆಫ್ ಎಸ್‌ಎಂಎ’ ಇತ್ತು. ನುಸಿನೆರ್ಸೆನ್ ಮಾರುವ ಬಯೋಜೆನ್ ಕಂಪನಿ ಕೈಜೋಡಿಸಿದ್ದು 2012ರಲ್ಲಿ. ಕಂಪನಿಯ ಬಂಡವಾಳವನ್ನೇ ಮೂಲವೆಂದು ಬರೆಯುವುದು ತೇರು ಎಳೆದವರನ್ನು ಮರೆತು ಕಳಶವನ್ನು ಹೊಗಳಿದಂತೆ.

ನಮ್ಮ ಕಡೆಯ ದಾಖಲೆಯನ್ನೂ ಹೀಗೆಯೇ ತಪ್ಪಾಗಿ ಓದುತ್ತಿದ್ದಾರೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ಎಸ್‌ಎಂಎಯನ್ನು ಮೂರನೆಯ ಗುಂಪಿಗೆ ಸೇರಿಸಿತು. ಆಗ 20 ಲಕ್ಷ ರೂಪಾಯಿಯ ನೆರವು ಮೊದಲ ಗುಂಪಿಗೆ ಮಾತ್ರ ಇತ್ತು. ಮೂರನೆಯ ಗುಂಪಿಗೆ ಸಾರ್ವಜನಿಕ ದೇಣಿಗೆಯ ದಾರಿ. 2022ರ ಮೇ ತಿಂಗಳಲ್ಲಿ ಎಲ್ಲ ಗುಂಪುಗಳಿಗೂ 50 ಲಕ್ಷದವರೆಗೆ ಎಂದಾಯಿತು. ಇದು ಚಿಕಿತ್ಸೆಯ ಹಣ. ಇದನ್ನು ‘ಸಂಶೋಧನಾ ಅನುದಾನ’ ಎನ್ನುವವರು ನೀತಿಯ ಪುಟ ತಿರುವಿ ನೋಡಲಿ: ಅಪರೂಪದ ಕಾಯಿಲೆಗಳಿಗೆಂದು ಗುರುತಿಸಿದ ಆಸ್ಪತ್ರೆ-ಸಂಸ್ಥೆಗಳ ಕೇಂದ್ರಗಳಿಗೆ ಹೇಳಿರುವ 5 ಕೋಟಿಯವರೆಗಿನ ಒಂದಾವರ್ತಿ ನೆರವೂ ತಪಾಸಣೆ ಮತ್ತು ಚಿಕಿತ್ಸೆಯ ಸೌಕರ್ಯಕ್ಕೆ. ಆ ಕೇಂದ್ರಗಳ ಪಟ್ಟಿಯಲ್ಲಿರುವ ಕರ್ನಾಟಕದ ಕೇಂದ್ರ ಬೆಂಗಳೂರಿನಲ್ಲಿದೆ. ಸೋದರಿಕೆಯ ಮದುವೆಗಳು ಇಂದಿಗೂ ನಡೆಯುವ ಹರಿಹರದ ಮನೆಯೊಂದರಲ್ಲಿ ಇಂಥ ಮಗು ಹುಟ್ಟಿದರೆ, 1965ರಿಂದ ಜೆಜೆಎಂ ವೈದ್ಯಕೀಯ ಕಾಲೇಜಿರುವ ದಾವಣಗೆರೆಯನ್ನು ದಾಟಿ ಅದರ ಕಡತ ಬೆಂಗಳೂರಿಗೇ ಹೋಗಬೇಕು.